ಸೆರಗು ಯಾವ ಹೆಗಲ ಮೇಲಿದೆ?

ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು ಇಂದಿನ ಪತ್ರಿಕೆಯ ಯಾವುದಾದರೊಂದು ಶೀರ್ಷಿಕೆಯನ್ನು ಅದರ ಮುಂದೆ ಹಿಡಿಯಿರಿ. ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತವೆ. ಕೊಂಬುಗಳು ಎಡಕ್ಕೆ ಹೊರಳುತ್ತವೆ. ಕೆಡದೆ ಉಳಿಯುವುದು ಸೊನ್ನೆಯೊಂದೇ. ಅದೂ ಅಕ್ಷರದ ಎಡಬದಿಗೆ ಹೋಗಿ ಕೂತಿರುತ್ತದೆ. ಈಗ ಹತ್ತು ಸೆಕೆಂಡಿನ ವಿಡಿಯೊ ಮಾಡಿ, ಸೇವ್ ಮಾಡಿ ನೋಡಿ. ಕೆಲವರ ಫೋನಿನಲ್ಲಿ ಅಕ್ಷರ ನೆಟ್ಟಗಾಗಿರುತ್ತದೆ, ಕೆಲವರದ್ದರಲ್ಲಿ ಹಾಗೇ ತಿರುಗಿಕೊಂಡಿರುತ್ತದೆ. ಆ್ಯಪ್ ಬರೆಯುವ ನನ್ನಂಥವರ ನಿದ್ದೆ ಕೆಡಿಸುವುದು ಈ ‘ಕೆಲವರ’ ಎಂಬ ಪದವೇ.

ಪರದೆಯ ಮೇಲೆ ತಿರುಗಿಸಿ ತೋರಿಸುವುದು ದೋಷವಲ್ಲ, ಬೇಕೆಂದೇ ಮಾಡಿದ್ದು. ಹುಟ್ಟಿದಾಗಿನಿಂದ ನಾವು ನಮ್ಮ ಮುಖವನ್ನು ನೋಡಿರುವುದು ಕನ್ನಡಿಯಲ್ಲಿ. ಬಲಗೈ ಎತ್ತಿದರೆ ಪರದೆಯ ಬಲಬದಿಯ ಕೈ ಏಳಬೇಕು, ಇಲ್ಲದಿದ್ದರೆ ಹಣೆಯ ಬೊಟ್ಟು ಸರಿಮಾಡಿಕೊಳ್ಳಲೂ ಆಗುವುದಿಲ್ಲ. 1977ರಲ್ಲಿ ಮೀಟಾ, ಡರ್ಮರ್ ಮತ್ತು ನೈಟ್ ಎಂಬ ಮೂವರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಒಬ್ಬರದೇ ಫೋಟೊವನ್ನು ನೇರವಾಗಿ ಒಮ್ಮೆ, ಕನ್ನಡಿಯಂತೆ ತಿರುಗಿಸಿ ಒಮ್ಮೆ ಅಚ್ಚು ಹಾಕಿಸಿ ಯಾವುದು ಚೆಂದ ಎಂದು ಕೇಳಿದರು. ಫೋಟೊದಲ್ಲಿದ್ದವರು ಹೆಚ್ಚಾಗಿ ಆರಿಸಿದ್ದು ಕನ್ನಡಿಯ ಮುಖವನ್ನು, ಅವರ ಆಪ್ತರು ಆರಿಸಿದ್ದು ನೇರ ಮುಖವನ್ನು. ಯಾರಿಗೆ ಯಾವುದು ಬಳಕೆಯೋ ಅದೇ ಇಷ್ಟ. ಸೇವ್ ಆದ ವಿಡಿಯೊದಲ್ಲಿ ‘ನನ್ನ ಮೂಗೇನು ಹೀಗೆ ಸೊಟ್ಟಗಿದೆ’ ಅನ್ನಿಸಿದರೆ ಗಾಬರಿಯಾಗಬೇಡಿ, ಉಳಿದವರು ದಿನವೂ ನೋಡುತ್ತಿರುವುದು ಅದೇ ಮೂಗನ್ನು.

ಅಂದರೆ, ಫೋನಿನೊಳಗೆ ಚಿತ್ರಕ್ಕೆ ಎರಡು ದಾರಿ. ಒಂದು ಪರದೆಗೆ, ಇನ್ನೊಂದು ಫೈಲಿಗೆ. ಪರದೆಗೆ ಹೋಗುವುದು ನಮಗಾಗಿ, ಹಾಗಾಗಿ ಕನ್ನಡಿ. ಫೈಲಿಗೆ ಹೋಗುವುದು ಬೇರೆಯವರಿಗಾಗಿ, ಹಾಗಾಗಿ ನೇರ. ಲಾಕ್‌ಡೌನ್ ಕಾಲದ ಆನ್‌ಲೈನ್ ಕ್ಲಾಸಿನಲ್ಲಿ ನೋಟ್‌ಬುಕ್ ತೋರಿಸುವಾಗ ‘ನನಗೆ ಉಲ್ಟಾ ಕಾಣ್ತಿದೆ ಮಿಸ್’ ಎಂದು ಪೇಚಾಡಿದವರಿಗೆ ಇದು ನೆನಪಿರಬಹುದು. ಮಿಸ್‌ಗೆ ಸರಿಯಾಗಿಯೇ ಕಾಣುತ್ತಿತ್ತು.

ಆಂಡ್ರಾಯ್ಡ್ ಸುಮ್ಮನೆ ಬಿಟ್ಟರೆ ಹೀಗೇ ನಡೆದುಕೊಳ್ಳುತ್ತದೆ. ತೊಂದರೆ ಶುರುವಾಗುವುದು ನಡುವೆ ನಾವು ಕೈ ಹಾಕಿದಾಗ. ಮುಖ ಬೆಳ್ಳಗೆ ಮಾಡುವ ಫಿಲ್ಟರ್, ಕೆಳಗೊಂದು ಹೆಸರಿನ ಪಟ್ಟಿ, ತಲೆಗೊಂದು ಕಾರ್ಟೂನ್ ಕಿವಿ ಇಂಥವನ್ನು ಸೇರಿಸಬೇಕಾದರೆ ಪರದೆಗೆ ಹೋಗುವ ಚಿತ್ರವನ್ನೇ ಹಿಡಿದು, ಅದರ ಮೇಲೆ ಬರೆದು, ಅದನ್ನೇ ರೆಕಾರ್ಡ್ ಮಾಡುವುದು ಸುಲಭ. ಆ ಚಿತ್ರ ಆಗಲೇ ಕನ್ನಡಿಯಾಗಿರುತ್ತದೆ. ಫೈಲೂ ಕನ್ನಡಿಯಾಗುತ್ತದೆ.

ನಾನು ಕೆಲಸಕ್ಕೆ ಸೇರಿದ ಆ್ಯಪ್‌ನಲ್ಲಿ ಆಗಿದ್ದೂ ಇದೇ. ಪ್ರಾಥಮಿಕ ಶಾಲೆಯ ಶಿಕ್ಷಕರು ಮೂರು ನಿಮಿಷದ ಪಾಠ ರೆಕಾರ್ಡ್ ಮಾಡಿ ಮಕ್ಕಳ ಮನೆಯ ಫೋನಿಗೆ ಕಳಿಸುವ ಆ್ಯಪ್ ಅದು. ಶಿಕ್ಷಕರು ಒಬ್ಬರೇ ಇರುತ್ತಾರೆ, ಬೋರ್ಡು ಚೌಕಟ್ಟಿನೊಳಗಿದೆಯೇ ಎಂದು ನೋಡಿಕೊಳ್ಳಬೇಕು, ಹಾಗಾಗಿ ಮುಂದಿನ ಕ್ಯಾಮೆರಾವೇ ಗತಿ. ಪಾಠದ ಹೆಸರಿನ ಪಟ್ಟಿ ಹಾಕಿಕೊಂಡವರ ವಿಡಿಯೊ ತಿರುಗಿ ಬರುತ್ತಿತ್ತು, ಹಾಕಿಕೊಳ್ಳದವರದ್ದು ನೆಟ್ಟಗಿರುತ್ತಿತ್ತು. ಪಟ್ಟಿಯ ಅಕ್ಷರಗಳನ್ನು ತಿರುಗಿದ ಚಿತ್ರದ ಮೇಲೆ ನೇರವಾಗಿ ಬರೆದಿದ್ದರಿಂದ ಪಟ್ಟಿ ಸರಿಯಾಗಿ ಕಾಣುತ್ತಿತ್ತು, ಕೆಟ್ಟಿದ್ದು ಹಿಂದಿನ ಬೋರ್ಡು. ನಾನು ಸೇರಿದ ವಾರವೇ ಹಾವೇರಿ ಕಡೆಯ ಒಬ್ಬ ಶಿಕ್ಷಕಿಯ ಕರೆ ಬಂತು. ‘ಸರ, ಬೋರ್ಡ್ ಮ್ಯಾಲೆ ಬರ್ದದ್ದೆಲ್ಲಾ ಉಲ್ಟಾ ಬಂದೈತ್ರಿ. ರೆಕಾರ್ಡ್ ಮಾಡೂಮುಂದೂ ಹಂಗ ಕಾಣ್ತಿತ್ತು, ಆಮ್ಯಾಲೆ ತಾನ ಸರಿ ಹೋಗ್ತೈತಿ ಅನ್ಕೊಂಡಿದ್ದೆ ನೋಡ್ರಿ.’ ಅವರು ಅಂದುಕೊಂಡದ್ದೇ ಸರಿ, ಹಾಗೇ ಆಗಬೇಕಿತ್ತು.

ಆಫೀಸಿನಲ್ಲಿ ಇದು ‘ಕಡಿಮೆ ಆದ್ಯತೆ’ ಪಟ್ಟಿಯಲ್ಲಿತ್ತು. ಆ್ಯಪ್ ಕ್ರ್ಯಾಶ್ ಆಗುತ್ತಿಲ್ಲವಲ್ಲ ಎಂಬುದು ವಾದ. ಅಕ್ಷರ ಬಲ್ಲವರಿಗೆ ತಿರುಗಿದ ‘ಅ’ ಬರೀ ತಮಾಷೆ. ಒಂದನೇ ಕ್ಲಾಸಿನ ಮಗುವಿಗೆ ಅದು ಮೇಲ್ಪಂಕ್ತಿ. ಬರೆಯಲು ಕಲಿಯುವ ವಯಸ್ಸಿನ ಮಕ್ಕಳು ಮೊದಲೇ ಅಕ್ಷರಗಳನ್ನು ಎಡಬಲ ಮಾಡಿ ಬರೆಯುವುದುಂಟು, ಎಲ್ಲ ದೇಶಗಳಲ್ಲೂ ಅದು ಸಹಜ, ಕ್ರಮೇಣ ತಾನೇ ಹೋಗುತ್ತದೆ. ಆದರೆ ಟೀಚರ್ ಬೋರ್ಡಿನ ಮೇಲೆ ಹಾಗೇ ಬರೆದು ತೋರಿಸಿದರೆ? ಮಗು ನೋಡಿದ್ದನ್ನು ನೋಡಿದಂತೆ ಬರೆದು ತಂದಿದ್ದಕ್ಕೆ ತಪ್ಪು ಗುರುತು ಬಿದ್ದರೆ ಅದು ಯಾರ ತಪ್ಪು? ಈ ಪ್ರಶ್ನೆ ಕೇಳಿದ ಮೇಲೆ ಕೆಲಸ ಪಟ್ಟಿಯ ಮೇಲಕ್ಕೆ ಬಂತು.

ಹೊಸ ವಿಡಿಯೊಗಳ ಮಟ್ಟಿಗೆ ದುರಸ್ತಿ ಚಿಕ್ಕದು. ಪಟ್ಟಿ ಬರೆಯುವ ಮೊದಲು ಫೈಲಿನ ದಾರಿಯ ಚಿತ್ರವನ್ನು ಮತ್ತೊಮ್ಮೆ ತಿರುಗಿಸಿದರೆ ಆಯಿತು. ಎರಡು ಸಲ ತಿರುಗಿದ್ದು ನೇರವಾಗುತ್ತದೆ. ಪರದೆಯದ್ದು ಮುಟ್ಟಬಾರದು. ನೀವೂ ಆ್ಯಪ್ ಬರೆಯುವವರಾದರೆ ಆಂಡ್ರಾಯ್ಡ್‌ನ ‘ಕ್ಯಾಮೆರಾಎಕ್ಸ್’ನಲ್ಲಿ ರೆಕಾರ್ಡಿಂಗ್‌ಗೆಂದೇ ಮಿರರ್ ಮೋಡ್ ಇದೆ. ಐಫೋನಿನಲ್ಲಿ ‘ಇಸ್ ವಿಡಿಯೊ ಮಿರರ್ಡ್’ ಎಂಬ ಗುಂಡಿ ಇದೆ, ಅದನ್ನು ಮುಟ್ಟುವ ಮೊದಲು ತಾನಾಗಿ ಹೊಂದಿಸಿಕೊಳ್ಳುವ ಇನ್ನೊಂದು ಗುಂಡಿಯನ್ನು ಆರಿಸಬೇಕು, ಇಲ್ಲದಿದ್ದರೆ ಆ್ಯಪ್ ಬಿದ್ದೇ ಹೋಗುತ್ತದೆ. ಹೊಸಬರು ಎಡವುವ ಜಾಗ ಇನ್ನೊಂದಿದೆ. ಫೋನಿನ ಕ್ಯಾಮೆರಾ ಸೆನ್ಸರ್ ಅಡ್ಡಡ್ಡ ಕೂತಿರುತ್ತದೆ. ಫೋನ್ ನೆಟ್ಟಗೆ ಹಿಡಿದಾಗ ಅದು ಮಲಗಿದ ಚಿತ್ರವನ್ನೇ ಕೊಡುತ್ತದೆ, ತೋರಿಸುವಾಗ 90 ಡಿಗ್ರಿ ತಿರುಗಿಸು ಎಂಬ ಚೀಟಿಯೊಂದು ಫೈಲಿಗೆ ಅಂಟಿರುತ್ತದೆ. ಮಲಗಿದ ಚಿತ್ರವನ್ನೇ ಎಡಬಲ ಮಾಡಿದರೆ ಎದ್ದು ನಿಂತಾಗ ಅದು ಮೇಲುಕೆಳಗಾಗಿರುತ್ತದೆ. ಟೀಚರ್ ಶೀರ್ಷಾಸನ ಹಾಕಿಕೊಂಡು ಪಾಠ ಮಾಡುತ್ತಾರೆ.

ಕಷ್ಟವಾಗಿದ್ದು ಹಳೆಯ ವಿಡಿಯೊಗಳು. ಸರ್ವರಿನಲ್ಲಿ ತಿಂಗಳುಗಟ್ಟಲೆಯ ಪಾಠಗಳಿದ್ದವು. ‘ಎಫ್‌ಎಫ್‌ಎಂಪೆಗ್’ ಎಂಬ ಉಚಿತ ತಂತ್ರಾಂಶಕ್ಕೆ ‘ಎಚ್‌ಫ್ಲಿಪ್’ ಎಂದು ಒಂದು ಪದ ಹೇಳಿದರೆ ವಿಡಿಯೊವನ್ನು ತಿರುಗಿಸಿ ಕೊಡುತ್ತದೆ. ಹೆಸರಿನ ಪಟ್ಟಿ ಆಗ ಉಲ್ಟಾ ಆಗುತ್ತದೆ, ಅದರ ಮೇಲೆ ಹೊಸ ಪಟ್ಟಿ ಹೊದಿಸಿದರೆ ಮುಗಿಯಿತು. ಆದರೆ ಯಾವುದನ್ನು ತಿರುಗಿಸಬೇಕು? ‘ನಾನು ಕನ್ನಡಿ’ ಎಂದು ಫೈಲು ಎಲ್ಲೂ ಬರೆದುಕೊಂಡಿರುವುದಿಲ್ಲ. ಪಟ್ಟಿ ಇದ್ದ ವಿಡಿಯೊಗಳಲ್ಲೂ ಹಿಂದಿನ ಕ್ಯಾಮೆರಾದಲ್ಲಿ ತೆಗೆದವು ಸರಿಯಾಗಿಯೇ ಇದ್ದವು. ಎಲ್ಲವನ್ನೂ ತಿರುಗಿಸಿದರೆ ನೆಟ್ಟಗಿದ್ದುದನ್ನು ನಾವೇ ಕೆಡಿಸಿದಂತೆ. ಕೊನೆಗೆ ಕಣ್ಣಿನಿಂದಲೇ ನೋಡಲು ಕೂತೆವು.

ಬೋರ್ಡಿನಲ್ಲಿ ಅಕ್ಷರವಿದ್ದರೆ ಒಂದು ಕ್ಷಣ ಸಾಕು. ಬೋರ್ಡು ಖಾಲಿ ಇದ್ದು ಟೀಚರ್ ಕತೆ ಹೇಳುತ್ತಿದ್ದರೆ? ಆಗ ಬಟ್ಟೆ ನೋಡುವುದು ಶುರುವಾಯಿತು. ಗಂಡಸರ ಅಂಗಿಯ ಜೇಬು ಎಡ ಎದೆಯ ಮೇಲಿರುತ್ತದೆ. ಗಡಿಯಾರ ಸಾಮಾನ್ಯವಾಗಿ ಎಡಗೈಯಲ್ಲಿ. ಎಲ್ಲಕ್ಕಿಂತ ನಂಬಿಕಸ್ಥ ಸಾಕ್ಷಿ ಸೀರೆ. ಸೆರಗು ಎಡ ಹೆಗಲ ಮೇಲಿದ್ದರೆ ನೇರ, ಬಲ ಹೆಗಲ ಮೇಲಿದ್ದರೆ ಕನ್ನಡಿ. ಈ ನಿಯಮ ಚೆನ್ನಾಗಿಯೇ ನಡೆಯುತ್ತಿತ್ತು, ನಮ್ಮ ತಂಡದ ಕೊಡಗಿನ ಹುಡುಗಿ ಕೇಳಿಸಿಕೊಂಡು ನಗುವವರೆಗೆ. ಕೊಡವ ಶೈಲಿಯಲ್ಲಿ ನೆರಿಗೆ ಹಿಂದಕ್ಕೆ, ಸೆರಗು ಬಲ ಹೆಗಲಿಗೆ! ಗುಜರಾತಿ ಸೀರೆಯ ಸೆರಗೂ ಬಲ ಹೆಗಲಿನಿಂದಲೇ ಮುಂದಕ್ಕೆ ಇಳಿಯುತ್ತದೆ. ಹಾಗಾಗಿ ಸೆರಗಿನ ಜೊತೆ ಇನ್ನೊಂದು ಸಾಕ್ಷಿ ಸಿಕ್ಕರಷ್ಟೇ ತಿರುಗಿಸುವುದು ಎಂದಾಯಿತು. ಹೀಗೆ ಸಾಕ್ಷಿ ಹುಡುಕುವುದು ನಮ್ಮಿಂದ ಶುರುವಾದದ್ದೇನಲ್ಲ. ಅಮೆರಿಕದ ಕುಖ್ಯಾತ ಬಂದೂಕುಗಾರ ಬಿಲ್ಲಿ ದಿ ಕಿಡ್‌ನ ಹೆಸರಾಂತ ಫೋಟೊ ತಗಡಿನ ಮೇಲೆ ನೇರವಾಗಿ ಮೂಡಿಸಿದ್ದು, ಆ ವಿಧಾನದಲ್ಲಿ ಚಿತ್ರ ಕನ್ನಡಿಯಂತೆಯೇ ಬರುತ್ತದೆ. ಅದನ್ನು ನೋಡಿ ಅವನು ಎಡಚ ಎಂದು ಜನ ನಂಬಿದರು, 1958ರಲ್ಲಿ ‘ದಿ ಲೆಫ್ಟ್ ಹ್ಯಾಂಡೆಡ್ ಗನ್’ ಎಂದು ಸಿನಿಮಾವೂ ಬಂತು. ಅವನ ಕೈಯಲ್ಲಿದ್ದ ವಿಂಚೆಸ್ಟರ್ ಬಂದೂಕಿಗೆ ಗುಂಡು ತುಂಬುವ ಕಂಡಿ ಬಲಬದಿಯಲ್ಲಿರಬೇಕಿತ್ತು, ಫೋಟೊದಲ್ಲಿ ಅದು ಎಡಬದಿಯಲ್ಲಿದೆ. ಅವನ ಸೆರಗು ಅದೇ.

ಎಲ್ಲ ಮುಗಿಯಿತು ಎನ್ನುವಾಗ ತದ್ವಿರುದ್ಧವಾದ ದೂರೊಂದು ಬಂತು. ಮಕ್ಕಳಿಗೆ ಕುಣಿತ ಹೇಳಿಕೊಡುವ ಶಿಕ್ಷಕರೊಬ್ಬರು, ‘ಮೊದಲಿನ ಹಾಗೇ ಇರಲಿ, ಈಗ ನಾನು ಬಲಗಾಲು ಎತ್ತಿದರೆ ಮಕ್ಕಳು ಎಡಗಾಲು ಎತ್ತುತ್ತಾರೆ’ ಎಂದರು. ಅವರ ಮಾತೂ ನಿಜ. ಎದುರು ನಿಂತು ಅನುಕರಿಸುವವರಿಗೆ ಕನ್ನಡಿಯೇ ಅನುಕೂಲ, ಯೋಗ ಹೇಳಿಕೊಡುವವರೂ ಎದುರಿಗಿರುವವರಿಗೆ ಹೊಂದಲೆಂದು ತಾವೇ ಎಡಬಲ ಬದಲಿಸಿಕೊಳ್ಳುತ್ತಾರೆ. ಆದರೆ ಅದಕ್ಕಾಗಿ ಫೈಲನ್ನೇ ತಿರುಗಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ನಾಳೆ ಅದೇ ವಿಡಿಯೊದ ಹಿಂದಿನ ಗೋಡೆಯ ಮೇಲೆ ಶಾಲೆಯ ಹೆಸರು ಇರಬಹುದಲ್ಲ. ನೋಡುವವರ ಪರದೆಯಲ್ಲೇ ಒಂದು ಗುಂಡಿ ಇಟ್ಟೆವು: ‘ಕನ್ನಡಿಯಂತೆ ತೋರಿಸು’. ಒತ್ತಿದರೆ ಪ್ಲೇಯರ್ ಮಾತ್ರ ಚಿತ್ರವನ್ನು ತಿರುಗಿಸಿ ತೋರಿಸುತ್ತದೆ, ಒಳಗಿನ ಫೈಲು ನೇರವಾಗಿಯೇ ಇರುತ್ತದೆ. ಕುಣಿತದ ಪಾಠಗಳಿಗೆ ಅದು ಮೊದಲೇ ಒತ್ತಿದ ಸ್ಥಿತಿಯಲ್ಲಿ ತೆರೆದುಕೊಳ್ಳುತ್ತದೆ, ಅಕ್ಷರದ ಪಾಠಗಳಿಗೆ ಆ ಗುಂಡಿ ಕಾಣುವುದೇ ಇಲ್ಲ.