ಪಾಠ ಹೇಳುವುದನ್ನು ಕಲಿತವರು ಎಲ್ಲಿಗೆ ಹೋಗುತ್ತಾರೆ?

ಇಂಗ್ಲಿಷ್ ಎಂ.ಎ. ಅಂದರೆ ಷೇಕ್ಸ್‌ಪಿಯರ್, ಕೀಟ್ಸ್ ಎಂದೇ ನಮ್ಮ ಎಣಿಕೆ. ಇಂಗ್ಲಿಷ್ ಬೋಧನೆಯಲ್ಲೇ ಎಂ.ಎ. ಮಾಡುವವರ ಓದು ಬೇರೆ. ಹತ್ತು ವರ್ಷದ ಮಗುವಿಗೆ ಎರಡನೆಯ ಭಾಷೆ ಹೇಗೆ ಹತ್ತುತ್ತದೆ, ಪ್ರಶ್ನೆಪತ್ರಿಕೆ ಅಳೆಯುವುದು ಭಾಷೆಯನ್ನೋ ಬಾಯಿಪಾಠವನ್ನೋ, ತಪ್ಪನ್ನು ಯಾವಾಗ ತಿದ್ದಬೇಕು, ಯಾವಾಗ ಸುಮ್ಮನಿರಬೇಕು ಎನ್ನುವುದೇ ಅಲ್ಲಿನ ಪಠ್ಯ. ಈ ವಿದ್ಯೆಗೆ ಹೆಸರಾದದ್ದು ಹೈದರಾಬಾದಿನ ಇಫ್ಲು ವಿಶ್ವವಿದ್ಯಾಲಯ. 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಎಂಬ ಹೆಸರಲ್ಲಿ ಶುರುವಾದ ಆ ಸಂಸ್ಥೆ 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಮೊದಲ ವರ್ಷಗಳಲ್ಲಿ ಅದರ ನಿರ್ದೇಶಕರಾಗಿದ್ದವರು ವಿ.ಕೃ. ಗೋಕಾಕ್. ಕನ್ನಡಕ್ಕೆ ಅಗ್ರಸ್ಥಾನ ಕೊಡಿ ಎಂದ ಗೋಕಾಕ್ ವರದಿಯವರೇ! ಎರಡು ಭಾಷೆಗಳನ್ನು ಸವತಿಯರಂತೆ ಕಾಣುವವರು ಇದನ್ನು ನೆನೆಯುವುದೇ ಇಲ್ಲ.

ಇಂಥ ಪದವಿ ಹಿಡಿದು ಹೊರಬಂದವರಿಗೆ ಎಲ್ಲಕ್ಕಿಂತ ಹತ್ತಿರ ಕಾಣುವುದು ಶಾಲೆ. ಆದರೆ ಸರ್ಕಾರಿ ಪ್ರೌಢಶಾಲೆ ಕೇಳುವುದು ಬಿ.ಇಡಿ. ಎರಡು ವರ್ಷ ಬೋಧನೆಯನ್ನೇ ಓದಿದ್ದರೂ ಆ ಕಾಗದ ಇಲ್ಲದಿದ್ದರೆ ಅರ್ಜಿ ಹಾಕುವಂತಿಲ್ಲ. ಕಾಲೇಜು ಕೇಳುವುದು ನೆಟ್ ಅಥವಾ ಕೆ-ಸೆಟ್. ಇಂಗ್ಲಿಷ್ ನೆಟ್‌ನ ಹತ್ತು ಘಟಕಗಳಲ್ಲಿ ನಾಟಕ, ಕಾವ್ಯ, ಕಾದಂಬರಿ, ವಿಮರ್ಶೆಗಳದೇ ಮೇಲುಗೈ. ಬೋಧನೆಗೆ ಸಿಕ್ಕಿರುವುದು ಭಾಷಾ ಸಿದ್ಧಾಂತಗಳ ಜೊತೆ ಹಂಚಿಕೊಂಡ ಒಂದೇ ಘಟಕ. ಕೀಟ್ಸ್‌ನನ್ನು ಬಿಟ್ಟು ಬಂದವರು ಮತ್ತೆ ಕೀಟ್ಸ್‌ನ ಬಾಗಿಲಿಗೇ ಹೋಗಬೇಕು.

ಹಾಗಾಗಿ ದಾರಿಗಳು ಕವಲೊಡೆಯುತ್ತವೆ. 2000ದ ದಶಕದ ಬೆಂಗಳೂರಿನ ಕಾಲ್ ಸೆಂಟರ್‌ಗಳು 'ವಾಯ್ಸ್ ಅಂಡ್ ಆ್ಯಕ್ಸೆಂಟ್' ಟ್ರೈನರ್‌ಗಳನ್ನು ಹುಡುಕಿ ಹುಡುಕಿ ತೆಗೆದುಕೊಂಡವು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಮ್ಯುನಿಕೇಷನ್ ಸ್ಕಿಲ್ಸ್ ತರಗತಿಯಿದೆ, ಪ್ಲೇಸ್‌ಮೆಂಟ್ ಹತ್ತಿರವಾದಾಗ ಅದಕ್ಕೆ ಜೀವ ಬರುತ್ತದೆ. ಪಠ್ಯಪುಸ್ತಕ ಪ್ರಕಾಶಕರು, ಐಇಎಲ್‌ಟಿಎಸ್ ಕೋಚಿಂಗ್ ಕೇಂದ್ರಗಳು, ಆನ್‌ಲೈನ್ ಪಾಠದ ಕಂಪನಿಗಳು ಇನ್ನಷ್ಟು ಜನರನ್ನು ಸೆಳೆಯುತ್ತವೆ. ಈಚೆಗೆ ಕಂಪ್ಯೂಟರು ಬರೆದ ಉತ್ತರಗಳ ಭಾಷೆಯನ್ನು ತೂಗಿನೋಡುವ ಕೆಲಸವೂ ಸೇರಿಕೊಂಡಿದೆ. ಒಮಾನ್, ಸೌದಿ, ಇಥಿಯೋಪಿಯಾಗಳ ಕಾಲೇಜುಗಳಿಗೆ ಹೋದವರೂ ಕಡಿಮೆಯಿಲ್ಲ. ದಕ್ಷಿಣ ಕೊರಿಯಾ ಮಾತ್ರ ಇಂಗ್ಲಿಷ್ ಕಲಿಸುವ ಸಾಮಾನ್ಯ ವೀಸಾವನ್ನು ಅಮೆರಿಕ, ಬ್ರಿಟನ್ ಸೇರಿ ಏಳು ದೇಶದವರಿಗೆ ಮೀಸಲಿಟ್ಟಿದೆ. ಅಲ್ಲಿ ನೋಡುವುದು ಮೊದಲು ಪಾಸ್‌ಪೋರ್ಟು, ಆಮೇಲೆ ಪದವಿ.

ವಿಚಿತ್ರವೆಂದರೆ, ಲಂಡನ್ನಿನಲ್ಲಿ ಓದಲಿ ಸಿಂಗಪುರದಲ್ಲಿ ಓದಲಿ, ಈ ವಿಷಯದ ವಿದ್ಯಾರ್ಥಿಗೆ 'ಬ್ಯಾಂಗಲೋರ್ ಪ್ರಾಜೆಕ್ಟ್' ಎದುರಾಗುತ್ತದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಅದು. ವ್ಯಾಕರಣದ ಪಾಠವನ್ನು ಬದಿಗಿಟ್ಟು ಮಕ್ಕಳ ಮುಂದೆ ರೈಲ್ವೆ ವೇಳಾಪಟ್ಟಿ, ನಕ್ಷೆ ಇಟ್ಟರು. ಯಾವ ಗಾಡಿ ಹಿಡಿದರೆ ಬೇಗ ತಲುಪಬಹುದು ಎಂಬಂಥ ಲೆಕ್ಕಾಚಾರ ಇಂಗ್ಲಿಷಿನಲ್ಲೇ ನಡೆಯಬೇಕು. ತಲೆ ಅರ್ಥದ ಹಿಂದೆ ಓಡುವಾಗ ವ್ಯಾಕರಣ ತಾನಾಗಿ ಕೂತುಕೊಳ್ಳುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಈ ಅನುಭವದಿಂದ ಹುಟ್ಟಿದ ಅವರ ಪುಸ್ತಕ 1987ರಲ್ಲಿ ಬಂತು. ಕಾರ್ಯ ಆಧಾರಿತ ಬೋಧನೆಯ ಇತಿಹಾಸ ಬರೆಯುವವರು ಈಗಲೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಜಗತ್ತಿಗೆ ಪಾಠವಾದ ಇಂಥ ತರಗತಿಗಳಿಗೆ ಆ ಪಾಠ ಓದಿದವರನ್ನು ಕರೆತರುವ ನೇರ ದಾರಿ ನಮ್ಮಲ್ಲಿಲ್ಲ. 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮುಖ್ಯವಾಗಿ ತರಬೇತಿ ಕೊಡುವುದು ಆಗಲೇ ಕೆಲಸದಲ್ಲಿರುವ ಶಿಕ್ಷಕರಿಗೆ. ಅದು ಬೇಕಾದ ಕೆಲಸವೇ. ಆದರೆ ಇಂಗ್ಲಿಷ್ ಕಲಿಸಲು ಅಳುಕುವ ಮೇಷ್ಟ್ರನ್ನು ತರಬೇತಿಗೆ ಕಳಿಸುವ ಇಲಾಖೆ, ಕಲಿಸುವುದನ್ನೇ ಓದಿದವರನ್ನು ಗೇಟಿನ ಹೊರಗೆ ನಿಲ್ಲಿಸುವುದು ನನಗಂತೂ ಅರ್ಥವಾಗಿಲ್ಲ. ಹಟ ಹಿಡಿದ ಕೆಲವರು ಎಂ.ಎ. ಮುಗಿಸಿ ಮತ್ತೆರಡು ವರ್ಷ ಬಿ.ಇಡಿ.ಗೆ ಕೂರುತ್ತಾರೆ. ಆಮೇಲೆ ನೇಮಕಾತಿ ಅಧಿಸೂಚನೆಗೆ ಕಾಯುತ್ತಾರೆ, ಹೊಟ್ಟೆಪಾಡಿಗೆ ಸಂಜೆ ಹೊತ್ತು ಐಇಎಲ್‌ಟಿಎಸ್ ಪಾಠ ಹೇಳಿಕೊಂಡು.