ಕುರಿಯ ಕಣ್ಣನ್ನು ಓದಲು ಕಲಿಯಿರಿ

ಮಳೆ ಬಿದ್ದು ಬಯಲು ಹಸಿರಾದರೆ ಕುರಿ ಸಾಕಿದವರಿಗೆ ಸಂತೋಷ. ಆದರೆ ಆ ಹಸಿರಿನಲ್ಲೇ ಅಪಾಯವೂ ಅಡಗಿರುತ್ತದೆ. ಚೆನ್ನಾಗಿ ಮೇಯುತ್ತಿದ್ದ ಮರಿ ಹಿಂಡಿನಿಂದ ಹಿಂದೆ ಬೀಳತೊಡಗುತ್ತದೆ. ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಊತ ಕಾಣಿಸಿಕೊಳ್ಳುತ್ತದೆ. ಒಂದು ಬೆಳಗ್ಗೆ ದೊಡ್ಡಿಯಲ್ಲಿ ಸತ್ತು ಬಿದ್ದಿರುತ್ತದೆ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಒಂದು ಕೋಟಿಗೂ ಹೆಚ್ಚು ಕುರಿಗಳಿವೆ. ಟಗರು ಮಾರಿದ ಹಣದಿಂದಲೇ ಮಕ್ಕಳ ಶಾಲೆಯ ಖರ್ಚು ತೂಗಿಸುವ ಮನೆಗಳು ಎಷ್ಟೋ ಇವೆ. ಹೀಗಿರುವಾಗ ಈ ಸಾವಿನ ಕಾರಣ ತಿಳಿದಿರುವುದು ದೊಡ್ಡವರಿಗೂ ಮಕ್ಕಳಿಗೂ ಒಳ್ಳೆಯದು.

ರಕ್ತ ಹೀರುವ ಕಳ್ಳ

ಈ ಕೇಡಿಗೆ ಮುಖ್ಯ ಕಾರಣ ಹೀಮಾಂಕಸ್ ಕಂಟಾರ್ಟಸ್ ಎಂಬ ಜಂತುಹುಳು. ಕುರಿ ಮೇಕೆಗಳ ಹೊಟ್ಟೆಯ ನಾಲ್ಕನೆಯ ಕೋಣೆಯೇ ಇದರ ಮನೆ. ಕೆಂಪು ದಾರಕ್ಕೆ ಬಿಳಿ ದಾರ ಸುತ್ತಿದಂತೆ ಕಾಣುವ ಹೆಣ್ಣುಹುಳು ಎರಡು ಮೂರು ಸೆಂಟಿಮೀಟರ್ ಉದ್ದವಿರುತ್ತದೆ. ಒಂದು ಹುಳು ದಿನಕ್ಕೆ ಹೀರುವ ರಕ್ತ ಸುಮಾರು 0.05 ಮಿಲಿಲೀಟರ್ ಮಾತ್ರ. ಇಷ್ಟೇ ತಾನೆ ಎನ್ನಬೇಡಿ. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್ ಆಯಿತು. 20 ಕಿಲೋ ತೂಕದ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 1,300 ಮಿಲಿಲೀಟರ್. ಎಷ್ಟು ದಿನಗಳಲ್ಲಿ ಅಷ್ಟೂ ರಕ್ತ ಹುಳುಗಳ ಪಾಲಾದಂತೆ ಎಂಬುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.

ಹೆಣ್ಣುಹುಳು ದಿನವೊಂದಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಅವು ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತವೆ. ತೇವ ಮತ್ತು ಬಿಸಿಲು ಹದವಾಗಿದ್ದರೆ ವಾರದೊಳಗೆ ಸೋಂಕು ತಗಲಿಸುವ ಮರಿಹುಳುಗಳಾಗಿ, ಇಬ್ಬನಿಯ ತೇವ ಹಿಡಿದು ಹುಲ್ಲನ್ನು ಏರುತ್ತವೆ. ಹುಲ್ಲಿನೊಂದಿಗೆ ಹೊಟ್ಟೆ ಸೇರಿ, ಮೂರು ವಾರಗಳಲ್ಲಿ ತಾವೇ ಮೊಟ್ಟೆ ಇಡತೊಡಗುತ್ತವೆ.

ಔಷಧ ಸೋತದ್ದೇಕೆ?

ಥಯಾಬೆಂಡಜೋಲ್ ಎಂಬ ಜಂತುನಾಶಕ 1961ರಲ್ಲಿ ಬಂದಾಗ ಸಮಸ್ಯೆ ಮುಗಿಯಿತೆಂದು ಹಲವರು ತಿಳಿದರು. 1964ರ ಹೊತ್ತಿಗೇ ಅಮೆರಿಕದಲ್ಲಿ ಅದಕ್ಕೆ ಬಗ್ಗದ ಹುಳುಗಳು ಕಂಡವು. ಆಮೇಲೆ ಬಂದ ಔಷಧಗಳ ಕಥೆಯೂ ಹೀಗೆಯೇ ಆಯಿತು. ಕಾರಣ ಸರಳ. ಔಷಧ ಕುಡಿಸಿದಾಗ ದುರ್ಬಲ ಹುಳುಗಳು ಸಾಯುತ್ತವೆ. ತಾಳಿಕೊಂಡ ಕೆಲವು ಉಳಿದು ಅವೇ ಸಂತಾನ ಬೆಳೆಸುತ್ತವೆ. ಇಡೀ ಹಿಂಡಿಗೆ ಮತ್ತೆ ಮತ್ತೆ ಕುಡಿಸಿದಷ್ಟೂ ಗಟ್ಟಿ ಹುಳುಗಳ ಸಂಖ್ಯೆಯೇ ಹೆಚ್ಚುತ್ತದೆ.

ಇದಕ್ಕೆ ಉಪಾಯ ಹುಡುಕಿದವರು ದಕ್ಷಿಣ ಆಫ್ರಿಕದ ಪಶುವೈದ್ಯರು. ಹಿಂಡಿನ ಎಲ್ಲ ಕುರಿಗಳಲ್ಲೂ ಹುಳುಗಳು ಸಮನಾಗಿರುವುದಿಲ್ಲ. ಹೆಚ್ಚಿನ ಹುಳುಗಳು ಕೆಲವೇ ಕುರಿಗಳಲ್ಲಿರುತ್ತವೆ. ಅವನ್ನು ಗುರುತಿಸುವುದು ಹೇಗೆ? ಕೆಳಗಣ್ಣಿನ ರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಬೇಕು. ಫಫಾ ಮಲಾನ್ ಎಂಬ ಪಶುವೈದ್ಯರ ಹೆಸರಿನಿಂದ ಇದಕ್ಕೆ 'ಫಮಾಚಾ' ಎಂಬ ಹೆಸರು ಬಂತು. ಇದರ ಬಣ್ಣದ ಪಟ್ಟಿಯಲ್ಲಿ ಐದು ದರ್ಜೆಗಳಿವೆ. ಅಚ್ಚ ಕೆಂಪು ಒಂದನೆಯದು, ಕಾಗದದಂಥ ಬಿಳಿ ಐದನೆಯದು. ಒಂದು, ಎರಡರಲ್ಲಿರುವ ಕುರಿಗೆ ಔಷಧ ಬೇಡ. ನಾಲ್ಕು, ಐದರಲ್ಲಿದ್ದರೆ ತಡಮಾಡದೆ ಕೊಡಬೇಕು. ಮೂರರಲ್ಲಿರುವುದು ಎಳೆಯ ಮರಿ ಅಥವಾ ಹಾಲೂಡುವ ತಾಯಿಯಾದರೆ ಅದಕ್ಕೂ ಕೊಡುವುದು ಕ್ಷೇಮ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ಈ ಪರೀಕ್ಷೆ ಆಗಬೇಕು.

ಮೇವಿನಲ್ಲೇ ಮದ್ದು

* ಇಬ್ಬನಿ ಆರಿದ ಮೇಲೆ ಮೇಯಲು ಬಿಡಿ. ಮರಿಹುಳುಗಳು ಹೆಚ್ಚಾಗಿ ಹುಲ್ಲಿನ ಬುಡದಲ್ಲಿರುವುದರಿಂದ ನೆಲ ಕೆರೆಯುವಷ್ಟು ಮೇಯಿಸಬೇಡಿ.
* ಒಂದೇ ಜಾಗದಲ್ಲಿ ದಿನಗಟ್ಟಲೆ ಮೇಯಿಸಬೇಡಿ. ಬಿಸಿಲಿಗೆ ಬಿಟ್ಟ ನೆಲದಲ್ಲಿ ಮರಿಹುಳುಗಳು ಕ್ರಮೇಣ ಸಾಯುತ್ತವೆ. ಊರಿಂದೂರಿಗೆ ಹಿಂಡು ನಡೆಸುವ ನಮ್ಮ ಕುರುಬರ ಪದ್ಧತಿಯಲ್ಲೂ ಈ ಲಾಭವಿದೆ.
* ಕುರಿ ಮೇಯ್ದ ಜಾಗದಲ್ಲಿ ದನಗಳನ್ನು ಮೇಯಿಸಿ. ದನದ ಹೊಟ್ಟೆ ಸೇರಿದ ಈ ಹುಳುಗಳಲ್ಲಿ ಹೆಚ್ಚಿನವು ಬೆಳೆಯಲಾರವು.
* ಮೇಕೆಗಳಿಗೆ ಸೊಪ್ಪು ಕೊಡಿ. ಎತ್ತರದ ಎಲೆಗೆ ಹುಳು ಏರಲಾರದು. ಜಾಲಿಯಂಥ ಗಿಡಗಳ ಒಗರು ಅಂಶ ಹುಳುಗಳನ್ನು ಸ್ವಲ್ಪ ಮಟ್ಟಿಗೆ ಹತ್ತಿಕ್ಕುವುದೂ ಉಂಟು.
* ಮರಿಗಳಿಗೆ, ಹಾಲೂಡುವ ತಾಯಿಗೆ ಶೇಂಗಾ ಹಿಂಡಿಯಂಥ ಪುಷ್ಟಿಯ ಆಹಾರ ಕೊಡಿ. ಪ್ರೋಟೀನು ಸಾಕಷ್ಟು ದೊರೆತ ಕುರಿ ಹುಳುಗಳನ್ನು ಚೆನ್ನಾಗಿ ಎದುರಿಸುತ್ತದೆ.
* ಪದೇ ಪದೇ ಬಿಳಿಚಿಕೊಳ್ಳುವ ಕುರಿಯ ಮರಿಗಳನ್ನು ತಳಿಗೆ ಉಳಿಸಿಕೊಳ್ಳಬೇಡಿ.

ಬೇವು, ಬೆಳ್ಳುಳ್ಳಿಗಳನ್ನೇ ನಂಬಿ ಕೂರುವುದೂ ಸರಿಯಲ್ಲ. ಪ್ರಯೋಗಗಳಲ್ಲಿ ಅವುಗಳ ಫಲ ಒಂದೇ ಸಮನಾಗಿಲ್ಲ. ರೆಪ್ಪೆ ಬಿಳಿಚುವುದಕ್ಕೆ ಯಕೃತ್ತಿನ ಹುಳು, ಉಣ್ಣೆ, ಅರೆಹೊಟ್ಟೆಯೂ ಕಾರಣವಾಗಬಹುದು. ಆದ್ದರಿಂದ ಸಂಶಯ ಬಂದರೆ ಹಿಕ್ಕೆಯನ್ನು ಪಶುವೈದ್ಯರಲ್ಲಿ ಪರೀಕ್ಷೆ ಮಾಡಿಸಿ. ಬಣ್ಣದ ಪಟ್ಟಿಯ ಬಳಕೆಯನ್ನೂ ಅವರಿಂದಲೇ ಕಲಿಯಿರಿ.

ಔಷಧವೇ ಬೇಡವೆಂದು ಇದರ ಅರ್ಥವಲ್ಲ. ನಿಜವಾಗಿ ಬೇಕಾದ ದಿನ ಅದು ಕೆಲಸ ಮಾಡಬೇಕಾದರೆ ಬೇಡವಾದ ದಿನ ಅದನ್ನು ಮುಟ್ಟಬಾರದು. ಭಾನುವಾರ ಕುರಿಯ ಜೊತೆ ಹೋಗುವ ಹುಡುಗ ಹುಡುಗಿಯರು ಒಂದು ನೋಟುಪುಸ್ತಕದಲ್ಲಿ ಪ್ರತಿ ಕುರಿಯ ರೆಪ್ಪೆಯ ಬಣ್ಣ ಬರೆದಿಡಲಿ. ಯಾವ ಕುರಿಗೆ ಮದ್ದು ಬೇಕು, ಯಾವುದನ್ನು ತಳಿಗೆ ಉಳಿಸಬೇಕು ಎಂಬುದನ್ನು ಮನೆಯವರು ಆ ಪುಸ್ತಕ ನೋಡಿಯೇ ಹೇಳಬಹುದು.