ಇಪ್ಪತ್ತು ರೂಪಾಯಿಯ ಪ್ಲೇಟು, ಇಪ್ಪತ್ತು ಸಾವಿರದ ಕಿವಿ!

ಭಾನುವಾರ ಬೆಳಗ್ಗೆ ಆರು ಗಂಟೆ. ಚಿಕ್ಕಪೇಟೆಗೆ ಇನ್ನೂ ನಿದ್ದೆ ಬಿಟ್ಟಿಲ್ಲ. ಆದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಚಿನಲ್ಲಿ ಸಂಡೆ ಬಜಾರ್ ಆಗಲೇ ಹರಡಿಕೊಂಡಿದೆ. ತುಕ್ಕು ಹಿಡಿದ ಸ್ಪ್ಯಾನರು, ನಿಂತುಹೋದ ಗಡಿಯಾರ, ಜೊತೆ ಕಳೆದುಕೊಂಡ ಒಂಟಿ ಬೂಟು... ಇವುಗಳ ನಡುವೆ ಗೋಣಿತಾಟಿನ ಮೇಲೆ ಕರೀ ತಟ್ಟೆಗಳ ಒಂದು ಗುಡ್ಡೆ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ಇಬ್ಬರು.

"ಲೋ, 'ಶಂಕರ್ ಗುರು' ಕಣೋ! ಬರೀ ಇಪ್ಪತ್ತು ರೂಪಾಯಿ!"

"ಎಲ್ಲಿ ಕೊಡು... ಥೂ, ಇದು ಪ್ಲೇಟಲ್ಲ ಮಾರಾಯ, ತುರಿಯೋಮಣೆ! ತೆಂಗಿನಕಾಯಿ ತುರ್ಕೋಬಹುದು."

ಇಬ್ಬರೂ ನನ್ನ ಗೆಳೆಯರೇ. ನಿಜವಾದ ಹೆಸರು ಬೇಡ, ಜಗಳಕ್ಕೆ ಬರ್ತಾರೆ. ಒಬ್ಬನಿಗೆ 'ಬೇಟೆ' ಅಂತಲೂ ಇನ್ನೊಬ್ಬನಿಗೆ 'ಕಿವಿ' ಅಂತಲೂ ಹೆಸರಿಡೋಣ. ಬೇಟೆಗೆ ಕಡಿಮೆ ಬೆಲೆಗೆ ಪ್ಲೇಟು ಸಿಕ್ಕರೆ ಸಾಕು, ಹಬ್ಬ. ಅವನ ಮನೆಯಲ್ಲಿ ಎಂಟುನೂರು ಪ್ಲೇಟಿದೆ, ನೆಟ್ಟಗೆ ಹಾಡುವವು ಇನ್ನೂರಿದ್ದರೆ ಹೆಚ್ಚು. ಕಿವಿಯ ಹತ್ತಿರ ಇರುವುದು ತೊಂಬತ್ತೇ ಪ್ಲೇಟು. ಆದರೆ ಟರ್ನ್‌ಟೇಬಲ್ಲು, ಆಂಪ್ಲಿಫೈಯರು, ಸ್ಪೀಕರುಗಳಿಗೆ ಅವನು ಸುರಿದ ದುಡ್ಡಿನಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಬೈಕು ಬರ್ತಿತ್ತು!

ಇಬ್ಬರಲ್ಲಿ ಹೀರೋ ಯಾರು, ವಿಲನ್ ಯಾರು? ತೀರ್ಪು ಕೊಡುವ ಮೊದಲು ಸ್ವಲ್ಪ ಫ್ಲ್ಯಾಶ್‌ಬ್ಯಾಕ್.

ಪ್ಲೇಟಿನ ಜಾತಕ

ನಮ್ಮ ದೇಶದಲ್ಲಿ ವ್ಯಾಪಾರಕ್ಕಾಗಿ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಲಂಡನ್ನಿನ ಗ್ರಾಮಫೋನ್ ಕಂಪನಿಯಿಂದ ಬಂದ ಫ್ರೆಡ್ ಗೈಸ್‌ಬರ್ಗ್ ಆಗ ಮುದ್ರಿಸಿಕೊಂಡವರಲ್ಲಿ ಗೌಹರ್ ಜಾನ್ ಕೂಡ ಒಬ್ಬರು. ಆ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ಎಲ್ಲಿ ಗೊತ್ತೆ? ನಮ್ಮ ಮೈಸೂರಿನಲ್ಲಿ, ಅರಮನೆಯ ಗಾಯಕಿಯಾಗಿ. 1930ರಲ್ಲಿ ಅಲ್ಲೇ ತೀರಿಕೊಂಡರು. ಇಡೀ ದೇಶಕ್ಕೆ ಪ್ಲೇಟಿನ ಹುಚ್ಚು ಹತ್ತಿಸಿದ ಕಂಠ ನಮ್ಮ ಮಣ್ಣಿನಲ್ಲೇ ಮೌನವಾಯಿತು.

ಆ ಕಾಲದ ಪ್ಲೇಟು ಅರಗಿನದು. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷದ ಹಾಡು. ಕೈಜಾರಿತೋ, ಹಪ್ಪಳ! 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ವಿನೈಲ್‌ನ ಎಲ್.ಪಿ. ತಂದಿತು, ಮೂವತ್ತಮೂರು ಚಿಲ್ಲರೆ ಸುತ್ತಿನದು, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಮರುವರ್ಷ ಆರ್.ಸಿ.ಎ. ಕಂಪನಿ 45 ಸುತ್ತಿನ ಪುಟ್ಟ ಪ್ಲೇಟು ತಂದಿತು. ಅದರ ತಮ್ಮನೇ ನಮ್ಮ ಕನ್ನಡ ಚಿತ್ರಗಳ ಇ.ಪಿ. ಏಳು ಅಂಗುಲದ ತಟ್ಟೆ, ಸಾಮಾನ್ಯವಾಗಿ ಆ ಕಡೆ ಎರಡು ಈ ಕಡೆ ಎರಡು ಹಾಡು, ಕವರಿನ ಮೇಲೆ ಚಿತ್ರದ ಸ್ಟಿಲ್ಲು. 'ಬಂಗಾರದ ಮನುಷ್ಯ' (1972), 'ಗಂಧದ ಗುಡಿ' (1973), 'ಎರಡು ಕನಸು' (1974) ಮನೆಮನೆಗೆ ಹೊಕ್ಕ ಕಾಲ ಅದು. ನಾಯಿ ಮಾರ್ಕಿನ ಎಚ್.ಎಂ.ವಿ. ಪ್ಲೇಟುಗಳು ಕಲ್ಕತ್ತೆಯ ಡಂಡಂ ಕಾರ್ಖಾನೆಯಿಂದ ಬರುತ್ತಿದ್ದವು. ಆಮೇಲೆ ಪಾಲಿಡಾರ್, ಇನ್ರೆಕೋ, ಮದರಾಸಿನ ಸಂಗೀತಾ... ಹೀಗೆ ಪೈಪೋಟಿ ಬೆಳೆಯಿತು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ' (1975) ಬಂದಾಗಲಂತೂ ಪಾಲಿಡಾರ್‌ನವರು ಬರೀ ಡೈಲಾಗುಗಳದ್ದೇ ಒಂದು ಪ್ಲೇಟು ತಂದರು. ಅದೂ ಬಿಸಿಬಿಸಿ ದೋಸೆ ಹಾಗೆ ಹೋಯ್ತು!

ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಬಂತು. ಪ್ಲೇಟುಗಳು ಅಟ್ಟ ಸೇರಿದವು. ಅಟ್ಟದಿಂದ ಹಳೇ ಪೇಪರಿನವನ ಗಾಡಿಗೆ, ಅಲ್ಲಿಂದ ಈ ಗೋಣಿತಾಟಿಗೆ.

ಕಿವಿಯ ವಾದ

"ನೋಡು ಗುರು," ಅಂತ ಕಿವಿ ಶುರು ಮಾಡಿದರೆ ಕಾಫಿ ಆರಿಹೋಗುತ್ತದೆ. ಆದರೆ ಹೇಳುವುದು ಸುಳ್ಳಲ್ಲ.

ಪ್ಲೇಟಿನ ಮೇಲೆ ಕಾಣುವ ನೂರಾರು ಸುತ್ತು ಬೇರೆ ಬೇರೆಯಲ್ಲ, ಒಂದೇ ಗೆರೆ, ಅಂಚಿನಿಂದ ಒಳಕ್ಕೆ ಸುರುಳಿ. ಆ ಗೆರೆಯ ಗೋಡೆಯಲ್ಲಿರುವ ಅಂಕುಡೊಂಕೇ ಪಿ.ಬಿ. ಶ್ರೀನಿವಾಸರ ಕಂಠ, ಅದೇ ರಾಜನ್-ನಾಗೇಂದ್ರರ ಪಿಟೀಲು. ನೀಡಲ್ ಆ ಗೋಡೆಗಳಿಗೆ ಉಜ್ಜಿಕೊಂಡೇ ಓಡಬೇಕು. ಹಳೆಯ ಪೆಟ್ಟಿಗೆ ಪ್ಲೇಯರುಗಳಲ್ಲಿ ನೀಡಲ್ಲಿನ ಭಾರ ನಾಲ್ಕೈದು ಗ್ರಾಂ, ಇನ್ನೂ ಹೆಚ್ಚೂ ಇರುತ್ತಿತ್ತು. ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್ಜಿಗೆ ಒಂದೂವರೆ ಎರಡು ಗ್ರಾಂ ಸಾಕು. ಸವೆದ ನೀಡಲ್ಲು, ಮೇಲೆ ಭಾರ ಬೇರೆ. ಆಗ ಅದು ಹಾಡನ್ನು ಓದುವುದಿಲ್ಲ, ಕೆತ್ತುತ್ತದೆ! ಕೆತ್ತಿಹೋದ ದನಿಯನ್ನು ಯಾವ ಮಿಷಿನ್ನೂ ವಾಪಸ್ ತರಲಾರದು.

ಇನ್ನೊಂದು ಗುಟ್ಟು. ಎಲ್.ಪಿ.ಯ ಹೊರ ಅಂಚಿನಲ್ಲಿ ಗೆರೆ ನೀಡಲ್ಲಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ. ಒಳಗೆ ಲೇಬಲ್ಲಿನ ಹತ್ತಿರ ಬರುವಾಗ ಸುಮಾರು 20 ಅಷ್ಟೇ. ಅಷ್ಟೇ ದನಿಯನ್ನು ಚಿಕ್ಕ ಜಾಗದಲ್ಲಿ ತುರುಕಬೇಕು. ಅದಕ್ಕೇ ಮಗ್ಗುಲಿನ ಕೊನೆಯ ಹಾಡಿನಲ್ಲಿ 'ಸ', 'ಶ'ಗಳು ಒಡೆದು ಕರಕರ ಅನ್ನುವುದು. ಎಸ್. ಜಾನಕಿಯವರ ತಪ್ಪಲ್ಲ ಸ್ವಾಮಿ, ಜ್ಯಾಮಿತಿಯ ತಪ್ಪು!

"ಹಾಗಾದ್ರೆ ಸಿ.ಡಿ.ನೇ ಕೇಳಬಹುದಲ್ಲೋ?" ಅಂತ ಕೆಣಕಿದೆ. ಕಿವಿ ಪ್ರಾಮಾಣಿಕ. "ಸದ್ದುಗದ್ದಲ ಇಲ್ಲದೆ ಕೇಳಬೇಕು ಅಂದ್ರೆ ಸಿ.ಡಿ.ನೇ ಮೇಲು, ಒಪ್ಪಿದೆ. ಆದರೆ ಹಳೇ ಹಾಡಿಗೆ ಆಮೇಲೆ ಯಾರ್ಯಾರೋ ಕೈಹಾಕಿ, ಎಕೋ ಸೇರಿಸಿ, ಜಂಕಾರ್ ಬೀಟ್ಸ್ ಅಂತ ಡಬಡಬ ಬಡಿದು ಕೂರಿಸಿದ್ದಾರಲ್ಲ? ಹಾಡು ಹುಟ್ಟಿದ ದಿನ ಹೇಗಿತ್ತೋ ಹಾಗೆ ಕೇಳಬೇಕಾದ್ರೆ ಚೆನ್ನಾಗಿರೋ ಹಳೇ ಪ್ಲೇಟೇ ಬೇಕು."

ಬೇಟೆಯ ಉತ್ತರ

ಬೇಟೆಗೆ ಈ ಲೆಕ್ಕಾಚಾರ ಬೇಡ. ಅವನ ಪ್ರಶ್ನೆ ಒಂದೇ: "ನಿನ್ನ ಥರ ಎಲ್ಲರೂ ಫಳಫಳ ಹೊಳೆಯೋ ಪ್ಲೇಟೇ ಬೇಕು ಅಂತ ಕೂತ್ರೆ, ಓಡದ ಸಿನಿಮಾದ ಹಾಡು ಎತ್ಕೊಳ್ಳೋರು ಯಾರೋ?"

ಅವನ ಮಾತು ಚುಚ್ಚುತ್ತದೆ. ಅಣ್ಣಾವ್ರ ಹಿಟ್ ಚಿತ್ರದ ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ, ನಿಮ್ಮ ಜೇಬಿನ ಫೋನಿನಲ್ಲೂ ಇದೆ. ಆದರೆ ಒಂದೇ ವಾರಕ್ಕೆ ಡಬ್ಬ ಸೇರಿದ ಚಿತ್ರದ್ದು? ನಮ್ಮ ಮೊದಲ ಟಾಕಿ 'ಸತಿ ಸುಲೋಚನ' (1934) ನೋಡೋಣವೆಂದರೆ ಪ್ರಿಂಟೇ ಇಲ್ಲ. ದೇಶದ ಮೊದಲ ಟಾಕಿ 'ಆಲಂ ಆರಾ' (1931) ಗತಿಯೂ ಅದೇ. ಫಿಲಂ ಕರಗುತ್ತದೆ, ಟೇಪು ಬೂಷ್ಟು ಹಿಡಿಯುತ್ತದೆ. ಮದರಾಸಿನಲ್ಲಿ ಹಳೇ ಪುಸ್ತಕ, ಹಳೇ ಪ್ಲೇಟಿಗೆ ಹೆಸರಾಗಿದ್ದ ಮೂರ್ ಮಾರ್ಕೆಟ್ಟು 1985ರಲ್ಲಿ ಬೆಂಕಿಗೆ ಹೋಯಿತು. ಒಂದು ಚಿತ್ರ ಇತ್ತು ಅನ್ನುವುದಕ್ಕೆ ಒಮ್ಮೊಮ್ಮೆ ಉಳಿಯುವ ಸಾಕ್ಷಿ, ಫುಟ್‌ಪಾತಿನ ಮೇಲಿನ ಆ ತುರಿಯೋಮಣೆ ಮಾತ್ರ!

ಇನ್ನು ಆ ಬೇಟೆಯ ಸುಖ! ಐವತ್ತು ಪ್ಲೇಟು ಮಗುಚಿದ ಮೇಲೆ, ಐವತ್ತೊಂದನೆಯದರಲ್ಲಿ ಹುಡುಕುತ್ತಿದ್ದ ಹೆಸರು ಕಂಡಾಗ ಎದೆ ಡವಡವ ಅನ್ನುತ್ತದೆ. ಮುಖದಲ್ಲಿ ಮಾತ್ರ ಏನೂ ತೋರಿಸಬಾರದು. ತೋರಿಸಿದಿರೋ, ಮೂವತ್ತು ರೂಪಾಯಿ ಮುನ್ನೂರಾಗುತ್ತದೆ. ಆ ನಟನೆಗೆ ರಾಜ್ಯ ಪ್ರಶಸ್ತಿ ಕೊಡಬೇಕು!

ನನ್ನ ಪಾಪ

ಈಗ ನನ್ನ ಕಥೆ. ನಗಬೇಡಿ.

ನಮ್ಮಮ್ಮ ಹುಡುಗಿಯಾಗಿದ್ದಾಗ ಅವರ ಊರಿಗೆ ಟೂರಿಂಗ್ ಟಾಕೀಸ್ ಬರುತ್ತಿತ್ತು. ಸಂಜೆಯಾದರೆ ಟೆಂಟಿನ ಕಂಬಕ್ಕೆ ಕಟ್ಟಿದ ಹಾರ್ನಿನಲ್ಲಿ ಹಾಡು. ಘಂಟಸಾಲ ಅವರ ವೆಂಕಟರಮಣನ ಹಾಡು ಬಂತೆಂದರೆ ಟಿಕೆಟ್ಟು ಕೊಡಲು ಶುರು ಅಂತ ಲೆಕ್ಕ, ಎಲ್ಲರೂ ಓಟ. ಅದಕ್ಕೂ ಮೊದಲು ಹಾಕುತ್ತಿದ್ದದ್ದು ಅರವತ್ತರ ದಶಕದ ಒಂದು ಕನ್ನಡ ಯುಗಳಗೀತೆ. ಅಮ್ಮನಿಗೆ ಟಿಕೆಟ್ಟಿಗೆ ಕಾಸು ಸಿಗುತ್ತಿದ್ದದ್ದು ಅಪರೂಪ. ಆದರೆ ಹಾಡು ಪುಕ್ಕಟೆ! ಮನೆಯ ಜಗುಲಿ ಮೇಲೆ ಕೂತು ಕೇಳಿ ಕೇಳಿ ಬಾಯಿಪಾಠ. ಇವತ್ತಿಗೂ ಬೇಳೆ ಆರಿಸುವಾಗ ಅದೇ ಹಾಡು. "ಎಲ್ಲಾದ್ರೂ ಆ ಪ್ಲೇಟು ಸಿಕ್ಕಿದ್ರೆ ತಗೊಂಡ್ ಬಾರೋ," ಅಂತ ಒಮ್ಮೆ ಹೇಳಿದ್ದರು. ನಮ್ಮಮ್ಮ ನನ್ನನ್ನು ಏನಾದರೂ ಕೇಳಿದ್ದು ಕಮ್ಮಿ.

ಒಂದು ಭಾನುವಾರ ಸಿಕ್ಕೇ ಬಿಟ್ಟಿತು! 78ರ ಪ್ಲೇಟು, ಲೇಬಲ್ಲಿನ ಮೇಲೆ ಯಾವುದೋ ಮೈಕ್‌ಸೆಟ್ಟಿನವನ ಹೆಸರು ಬಣ್ಣದಲ್ಲಿ ಬರೆದಿತ್ತು. ನಲವತ್ತು ರೂಪಾಯಿ. ಬೇಟೆ ಬೆನ್ನು ತಟ್ಟಿದ. ಕಿವಿ ಆ ದಿನ ಬಂದಿರಲಿಲ್ಲ. ಅದೇ ನನ್ನ ಗ್ರಹಚಾರ.

ಮನೆಗೆ ಬಂದವನೇ, ಪ್ಲೇಟಿನ ಮೇಲೆ ಧೂಳು, ಎಣ್ಣೆಜಿಡ್ಡು ಇದೆಯಲ್ಲ ಅಂತ ಹತ್ತಿಗೆ ಸ್ಪಿರಿಟ್ ಹಾಕಿಕೊಂಡು ಉಜ್ಜಿದೆ. ಹತ್ತಿ ಕಪ್ಪಾಯಿತು. ಎಷ್ಟು ಕೊಳೆ ನೋಡು ಅಂತ ಇನ್ನೂ ಜೋರಾಗಿ ಉಜ್ಜಿದೆ. ಬರುತ್ತಿದ್ದದ್ದು ಕೊಳೆಯಲ್ಲ ಸ್ವಾಮಿ, ಹಾಡು! 78ರ ಪ್ಲೇಟು ಅರಗಿನದು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಡಗಿ ಪಾಲಿಶ್ ಕಲಸುವುದೇ ಹಾಗೆ. ಇಷ್ಟು ವರ್ಷ ಪ್ಲೇಟು ಪ್ಲೇಟು ಅಂತ ಕುಣಿದ ನನಗೆ ಅದು ಹೊಳೆಯಲಿಲ್ಲ.

ಅಮ್ಮನನ್ನು ಕೂರಿಸಿ ಹಾಕಿದೆ. ಬುಸ್ಸ್... ಅಂತ ಬರೀ ಹಾವಿನ ಸದ್ದು. ಅದರ ಹಿಂದೆ ಎಲ್ಲೋ ದೂರದಲ್ಲಿ ಯಾರೋ ಹಾಡಿದ ಹಾಗೆ. ಅಮ್ಮ ಏನೂ ಅನ್ನಲಿಲ್ಲ. "ಹೋಗ್ಲಿ ಬಿಡು, ಪ್ಲೇಟಿಗೂ ವಯಸ್ಸಾಗಿರುತ್ತೆ," ಅಂದು ಅಡಿಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿಂದ ಅದೇ ಹಾಡು ಕೇಳಿಸಿತು. ನನಗೆ ಊಟ ಸೇರಲಿಲ್ಲ.

ಕ್ಲೈಮ್ಯಾಕ್ಸ್

ಆಮೇಲೆ ಮೂರು ವರ್ಷ ಹುಡುಕಿದೆ. ಕೊನೆಗೆ ಬೇಟೆಯೇ ಪತ್ತೆ ಹಚ್ಚಿದ, ಮೈಸೂರಿನ ಹಿರಿಯರೊಬ್ಬರ ಸಂಗ್ರಹದಲ್ಲಿ. ಬೆಲೆ? ಸಾವಿರದ ಐನೂರು. ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಎಣಿಸಿ ಕೊಟ್ಟೆ.

ಈ ಸಲ ಪ್ಲೇಟು ನೇರ ಕಿವಿಯ ಮನೆಗೆ. ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆ, ಲೇಬಲ್ಲಿಗೆ ಒಂದು ಹನಿಯೂ ತಾಕದ ಹಾಗೆ. ಮತ್ತೆ 78ಕ್ಕೆಂದೇ ಬೇರೆ ನೀಡಲ್. ಅದರ ಗೆರೆ ಎಲ್.ಪಿ.ಯದಕ್ಕಿಂತ ಬಲು ಅಗಲ, ಎಲ್.ಪಿ.ಯ ಸಣ್ಣ ನೀಡಲ್ ಅದರ ತಳದಲ್ಲಿ ಹೊರಳಾಡುತ್ತದೆ ಅಷ್ಟೇ.

ಅಮ್ಮ ಸೋಫಾದ ತುದಿಯಲ್ಲಿ ಕೂತರು. ಹಾಡು ಶುರುವಾಯಿತು. ಕೊಳಲು ಇಲ್ಲೇ ಪಕ್ಕದಲ್ಲಿ ಊದಿದ ಹಾಗೆ, ಗಾಯಕಿ ಉಸಿರು ತೆಗೆದುಕೊಂಡದ್ದೂ ಕೇಳಿಸಿತು! ಎರಡನೇ ಚರಣಕ್ಕೆ ಅಮ್ಮ ಥಟ್ಟನೆ ತಲೆಯೆತ್ತಿದರು.

"ಅಯ್ಯೋ, ಆ ಪದ ಹೀಗಾ ಇರೋದು?"

ಆಗಿದ್ದು ಇಷ್ಟು. ಟೆಂಟಿನ ಹಾರ್ನು, ಸವೆದ ಪ್ಲೇಟು, ಗಾಳಿ. ಒಂದು ಪದ ಅಮ್ಮನ ಕಿವಿಗೆ ಬೇರೆಯೇ ಆಗಿ ಬಿದ್ದಿತ್ತು. ಅರವತ್ತು ವರ್ಷ ತಪ್ಪು ಪದವನ್ನೇ ಹಾಡಿಕೊಂಡು ಬಂದಿದ್ದರು!

ಕಿವಿ ಗೆದ್ದವನ ಹಾಗೆ ನನ್ನತ್ತ ನೋಡಿದ. ಬೇಟೆ ಬಾಗಿಲಿಗೆ ಒರಗಿ ನಿಂತಿದ್ದ, ಏನೂ ಮಾತಾಡಲಿಲ್ಲ.

ಹೋಗುವ ಮುನ್ನ ನಾಲ್ಕು ಮಾತು

ಈ ಭಾನುವಾರ ನೀವೂ ಹೊರಟಿರಾ? ಹಾಗಾದರೆ ಕೇಳಿ. ಪ್ಲೇಟನ್ನು ಬೆಳಕಿಗೆ ಓರೆ ಹಿಡಿದು ನೋಡಿ. ಹೊಳೆಯುವ ಕಪ್ಪಿದ್ದರೆ ಸರಿ, ಬೂದಿ ಬಣ್ಣಕ್ಕೆ ತಿರುಗಿದ್ದರೆ ಗೆರೆ ಸವೆದಿದೆ. ನಡುವಿನ ತೂತಿನ ಸುತ್ತ ಲೇಬಲ್ಲಿನ ಮೇಲೆ ಗೀಚು ತುಂಬಿದ್ದರೆ ಅದು ನೂರಾರು ಸಲ ಹಾಡಿದ ಪ್ಲೇಟು. ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟಗಿದೆಯೇ ನೋಡಿ. ಕವರು ಒಂದು, ಒಳಗಿನ ಪ್ಲೇಟು ಇನ್ನೊಂದು ಇರಬಹುದು, ಎಳೆದು ನೋಡದೆ ದುಡ್ಡು ಕೊಡಬೇಡಿ. ಮನೆಯಲ್ಲಿ ಪುಸ್ತಕದ ಹಾಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ, ಬಿಸಿಲಿಗಂತೂ ಬೇಡವೇ ಬೇಡ. ಮತ್ತೆ 78ಕ್ಕೆ ಸ್ಪಿರಿಟ್... ಹೇಳಬೇಕಾಗಿಲ್ಲ ತಾನೆ!

ಯಾರೂ ಕೇಳದ ಚಿತ್ರದ ಹೆಸರು ಕಂಡರೆ, ಎಷ್ಟೇ ಗೀಚಿರಲಿ, ಎತ್ತಿಕೊಳ್ಳಿ. ಆದರೆ ಮನೆಯಲ್ಲಿರುವ ಹಳೇ ನೀಡಲ್ಲಿನಲ್ಲಿ 'ಒಂದ್ಸಲ ಹಾಕಿ ನೋಡೋಣ' ಅನ್ನಬೇಡಿ. ಒಳ್ಳೆಯ ನೀಡಲ್ ಇರುವವನನ್ನು ಹುಡುಕಿ, ಒಮ್ಮೆ ಹಾಕಿಸಿ, ಆಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹುಡುಕಿ ತರುವವನು ಬೇಟೆ, ಕೇಳಿಸಿ ಉಳಿಸುವವನು ಕಿವಿ. ಡಬಲ್ ಆಕ್ಟಿಂಗ್ ಚಿತ್ರದಲ್ಲಿ ಅಣ್ಣ ತಮ್ಮ ಕೊನೆಯ ರೀಲಿನಲ್ಲಿ ಒಂದಾಗಲೇಬೇಕು, ಏನಂತೀರಿ?

ಅಂದಹಾಗೆ, ಅಮ್ಮ ಮೊನ್ನೆ ಬೇಳೆ ಆರಿಸುತ್ತಾ ಹಾಡುತ್ತಿದ್ದರು. ಎರಡನೇ ಚರಣ ಬಂತು. ಕಿವಿಗೊಟ್ಟೆ. ಅದೇ ಹಳೇ ತಪ್ಪು ಪದ!

"ಅಮ್ಮ, ಸರಿಯಾದ ಪದ ಅವತ್ತು ಕೇಳಿದ್ರಲ್ಲ?" ಅಂದೆ.

"ಕೇಳ್ದೆ ಕಣೋ. ಅವರದು ಅವರು ಹಾಡ್ಕೊಳ್ಳಲಿ. ನಮ್ಮೂರ ಟೆಂಟಲ್ಲಿ ಹೀಗೇ ಇತ್ತು."